ಸಾವಯವ ಅರೆವಾಹಕ ತೆಳುಪೊರೆಗಳಲ್ಲಿ ಎಕ್ಸಿಟಾನುಗಳ ಅತಿವೇಗದ ಚಲನವಲನ

ಸಾವಯವ ಅರೆವಾಹಕ ತೆಳುಪೊರೆಗಳ ಮೇಲೆ ಬೆಳಕು ಬಿದ್ದಾಗ ಅವುಗಳಲ್ಲಿ ಎಕ್ಸಿಟಾನ್ ಎಂಬ ಉದ್ರಿಕ್ತ ಸ್ಥಿತಿ ಹುಟ್ಟುತ್ತದೆ. ಹುಟ್ಟಿದ ಕ್ಷಣದಿಂದ ಅಳಿಯುವವರೆಗೆ ಎಕ್ಸಿಟಾನ್ ಹೇಗೆ ಸಂಚರಿಸುತ್ತದೆ, ಹೇಗೆ ರೂಪಾಂತರಗೊಳ್ಳುತ್ತದೆ, ಹೇಗೆ ಒಡೆಯುತ್ತದೆ ಎಂಬುದರ ಅಧ್ಯಯನವನ್ನು ಎಕ್ಸಿಟಾನ್ ಚಲನಶಾಸ್ತ್ರ ಎನ್ನುತ್ತಾರೆ. ಈ ಘಟನೆಗಳಲ್ಲಿ ಬಹುಪಾಲು ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗದೊಳಗೆ, ಅಂದರೆ ಒಂದು ನ್ಯಾನೋಸೆಕೆಂಡಿನೊಳಗೆ, ಮುಗಿದುಹೋಗುತ್ತವೆ. ಪ್ಲಾಸ್ಟಿಕ್ ಸೌರಕೋಶವು ಬೆಳಕನ್ನು ವಿದ್ಯುತ್ತಾಗಿಸುವುದೋ ಬರಿಯ ಶಾಖವಾಗಿ ಕಳೆದುಕೊಳ್ಳುವುದೋ ಎಂಬುದು ಈ ಅವಧಿಯಲ್ಲಿಯೇ ತೀರ್ಮಾನವಾಗುತ್ತದೆ. ಕರ್ನಾಟಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರಗಳಲ್ಲಿ ಈ ವಿಷಯಕ್ಕೆ ಸಂಬಂಧಿಸಿದ ಸಂಶೋಧನೆ ನಡೆದಿದೆ.

ಎಕ್ಸಿಟಾನಿನ ಸ್ವರೂಪ

ಸಾವಯವ ಅರೆವಾಹಕಗಳು ಇಂಗಾಲದ ಸಂಯುಕ್ತಗಳು. ಇವುಗಳ ಅಣುಗಳಲ್ಲಿ ಒಂಟಿ ಬಂಧ ಮತ್ತು ಜೋಡಿ ಬಂಧಗಳು ಒಂದಾದ ಮೇಲೊಂದರಂತೆ ಬರುತ್ತವೆ. ಪೆಂಟಸೀನ್, ಟೆಟ್ರಸೀನ್, ತಾಮ್ರದ ಥ್ಯಾಲೋಸಯನಿನ್ ಮುಂತಾದವು ಚಿಕ್ಕ ಅಣುಗಳು. ಪಾಲಿಥಯೋಫೀನ್ ಮುಂತಾದವು ಪಾಲಿಮರುಗಳು. ಇವುಗಳನ್ನು ನಿರ್ವಾತದಲ್ಲಿ ಆವಿಯಾಗಿಸಿ ಗಾಜಿನ ಮೇಲೆ ಕೂಡಿಸಬಹುದು, ಇಲ್ಲವೆ ಬಣ್ಣದಂತೆ ದ್ರಾವಣ ಮಾಡಿ ಬಳಿಯಬಹುದು. ಪೊರೆಯ ದಪ್ಪ ಸಾಮಾನ್ಯವಾಗಿ 100 ನ್ಯಾನೋಮೀಟರಿನ ಆಸುಪಾಸಿನಲ್ಲಿರುತ್ತದೆ. ವಿದ್ಯುತ್ ಹರಿಸುವ ಪಾಲಿಮರುಗಳ ಶೋಧನೆಗಾಗಿ ಹೀಗರ್, ಮ್ಯಾಕ್‌ಡಿಯರ್ಮಿಡ್ ಮತ್ತು ಶಿರಕಾವ ಅವರಿಗೆ 2000ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು.

ಸಿಲಿಕಾನಿನ ಮೇಲೆ ಬೆಳಕು ಬಿದ್ದಾಗ ಎಲೆಕ್ಟ್ರಾನೊಂದು ಮೇಲಿನ ಶಕ್ತಿಮಟ್ಟಕ್ಕೆ ಏರುತ್ತದೆ. ಅದು ಬಿಟ್ಟುಹೋದ ಜಾಗದಲ್ಲಿ ಧನ ಆವೇಶದ ರಂಧ್ರವೊಂದು ಉಳಿಯುತ್ತದೆ. ಕೋಣೆಯ ಉಷ್ಣತೆಯಲ್ಲಿ ಇವೆರಡೂ ಬೇಗನೆ ಬೇರೆಯಾಗಿ ಸ್ವತಂತ್ರವಾಗಿ ಸಂಚರಿಸುತ್ತವೆ. ಸಾವಯವ ವಸ್ತುವಿನಲ್ಲಿ ಹೀಗಾಗುವುದಿಲ್ಲ. ವಿರುದ್ಧ ಆವೇಶಗಳ ನಡುವಿನ ಸೆಳೆತವನ್ನು ವಸ್ತುವೊಂದು ಎಷ್ಟರಮಟ್ಟಿಗೆ ತಗ್ಗಿಸುತ್ತದೆ ಎಂಬುದನ್ನು ಪರಾವೈದ್ಯುತ ಸ್ಥಿರಾಂಕ ಸೂಚಿಸುತ್ತದೆ. ಸಿಲಿಕಾನಿಗೆ ಅದು 11.7, ಸಾವಯವ ಅರೆವಾಹಕಗಳಿಗೆ 3ರಿಂದ 4 ಮಾತ್ರ. ಸೆಳೆತ ತಗ್ಗದ ಕಾರಣ ಎಲೆಕ್ಟ್ರಾನು ಮತ್ತು ರಂಧ್ರಗಳು ಒಂದನ್ನೊಂದು ಬಿಡದೆ ಜೋಡಿಯಾಗಿಯೇ ಉಳಿಯುತ್ತವೆ. ಈ ಜೋಡಿಯೇ ಎಕ್ಸಿಟಾನ್. ಇಂಥ ಕಲ್ಪನೆಯನ್ನು 1931ರಲ್ಲಿ ಮೊದಲು ಮಂಡಿಸಿದವನು ರಷ್ಯದ ಭೌತವಿಜ್ಞಾನಿ ಯಾಕೋವ್ ಫ್ರೆಂಕೆಲ್. ಒಂದೆರಡು ಅಣುಗಳಷ್ಟು ಜಾಗದಲ್ಲಿ ಅಡಗಿರುವ ಬಿಗಿಯಾದ ಎಕ್ಸಿಟಾನಿಗೆ ಇಂದಿಗೂ ಅವನ ಹೆಸರೇ ಇದೆ.

ಜೋಡಿ ಎಷ್ಟು ಬಿಗಿಯಾಗಿದೆ ಎಂಬುದನ್ನು ಅಂಕಿಗಳಲ್ಲಿ ನೋಡಬಹುದು. ಸಾವಯವ ಪೊರೆಯಲ್ಲಿ ಎಕ್ಸಿಟಾನನ್ನು ಬಿಡಿಸಲು ಸುಮಾರು 0.3ರಿಂದ 1 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಕೋಣೆಯ ಉಷ್ಣತೆಯು ಒದಗಿಸುವ ಶಕ್ತಿ ಸುಮಾರು 0.025 ಎಲೆಕ್ಟ್ರಾನ್ ವೋಲ್ಟ್. ಅಂದರೆ ಹತ್ತಾರು ಪಟ್ಟು ಕೊರತೆ. ಪರಾವೈದ್ಯುತ ಸ್ಥಿರಾಂಕ 3 ಇರುವ ವಸ್ತುವಿನಲ್ಲಿ ಉಷ್ಣದ ಬಲವೊಂದರಿಂದಲೇ ಎರಡು ಆವೇಶಗಳು ಪರಸ್ಪರ ಹಿಡಿತದಿಂದ ಪಾರಾಗಬೇಕಾದರೆ ಅವು ಸುಮಾರು 19 ನ್ಯಾನೋಮೀಟರ್ ದೂರ ಸರಿದಿರಬೇಕು. ಫ್ರೆಂಕೆಲ್ ಎಕ್ಸಿಟಾನಿನ ಗಾತ್ರವಾದರೋ ಒಂದು ನ್ಯಾನೋಮೀಟರಿನ ಆಸುಪಾಸು.

ಎಕ್ಸಿಟಾನುಗಳಲ್ಲಿ ಎರಡು ಬಗೆ. ಎಲೆಕ್ಟ್ರಾನಿಗೆ ಸ್ಪಿನ್ ಎಂಬ ಸಹಜ ಗುಣವೊಂದಿದೆ. ಜೋಡಿಯ ಎರಡು ಸ್ಪಿನ್‌ಗಳು ಪರಸ್ಪರ ರದ್ದಾದರೆ ಸಿಂಗ್ಲೆಟ್, ಕೂಡಿಕೊಂಡರೆ ಟ್ರಿಪ್ಲೆಟ್. ಬೆಳಕು ನೇರವಾಗಿ ಹುಟ್ಟಿಸುವುದು ಸಿಂಗ್ಲೆಟನ್ನು. ಅದರ ಆಯುಸ್ಸು ಸಾಮಾನ್ಯವಾಗಿ ಒಂದು ನ್ಯಾನೋಸೆಕೆಂಡಿನ ಆಸುಪಾಸು. ಟ್ರಿಪ್ಲೆಟಿನ ಶಕ್ತಿ ಕಡಿಮೆ, ಆದರೆ ಆಯುಸ್ಸು ಮೈಕ್ರೋಸೆಕೆಂಡು, ಕೆಲವೊಮ್ಮೆ ಮಿಲಿಸೆಕೆಂಡಿನವರೆಗೂ ಹೋಗುತ್ತದೆ.

ಕಾಲದ ಅಳತೆಗೋಲು

ಒಂದು ಫೆಮ್ಟೋಸೆಕೆಂಡ್ ಎಂದರೆ ಸೆಕೆಂಡನ್ನು ಹತ್ತು ಲಕ್ಷ ಭಾಗ ಮಾಡಿ, ಅದರಲ್ಲೊಂದು ಭಾಗವನ್ನು ಮತ್ತೆ ನೂರು ಕೋಟಿ ಭಾಗ ಮಾಡಿದರೆ ಸಿಗುವ ಅವಧಿ. ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುವ ಬೆಳಕು ಈ ಅವಧಿಯಲ್ಲಿ 0.3 ಮೈಕ್ರೋಮೀಟರ್ ಮಾತ್ರ ಸಾಗುತ್ತದೆ. ಒಂದು ಫೆಮ್ಟೋಸೆಕೆಂಡನ್ನು ಒಂದು ಸೆಕೆಂಡಿಗೆ ಹಿಗ್ಗಿಸಿದೆವೆಂದು ಭಾವಿಸಿದರೆ, ಎಕ್ಸಿಟಾನಿನ ಒಂದು ನ್ಯಾನೋಸೆಕೆಂಡಿನ ಬಾಳು ಹನ್ನೊಂದೂವರೆ ದಿನಗಳಷ್ಟಾಗುತ್ತದೆ. ಅದೇ ಲೆಕ್ಕದಲ್ಲಿ ನಮ್ಮ ಒಂದು ಸೆಕೆಂಡು 3 ಕೋಟಿ ವರ್ಷಗಳನ್ನು ಮೀರುತ್ತದೆ. ಆದ್ದರಿಂದ ಎಕ್ಸಿಟಾನ್ ಅಲ್ಪಾಯು ಎಂಬ ಮಾತು ಮನುಷ್ಯನ ಗಡಿಯಾರಕ್ಕೆ ಮಾತ್ರ ಒಪ್ಪುತ್ತದೆ. ಅಣುವಿನ ಗಡಿಯಾರದಲ್ಲಿ ಅದು ಸಾಕಷ್ಟು ದೀರ್ಘವಾಗಿ ಬಾಳುತ್ತದೆ. ಅಣುವಿನೊಳಗಿನ ಇಂಗಾಲದ ಬಂಧವೊಂದು ಒಮ್ಮೆ ಕಂಪಿಸಲು ಸುಮಾರು 20ರಿಂದ 25 ಫೆಮ್ಟೋಸೆಕೆಂಡ್ ಸಾಕು.

ಅಳೆಯುವ ವಿಧಾನ

ಇಷ್ಟು ಕಿರಿದಾದ ಅವಧಿಯನ್ನು ಯಾವ ವಿದ್ಯುನ್ಮಾನ ಉಪಕರಣವೂ ನೇರವಾಗಿ ಅಳೆಯಲಾರದು. ಆದ್ದರಿಂದ ಬೆಳಕಿನಿಂದಲೇ ಬೆಳಕಿನ ಪರಿಣಾಮವನ್ನು ಅಳೆಯುವ ಉಪಾಯವನ್ನು ಅನುಸರಿಸಲಾಗುತ್ತದೆ. ಮೂಲ ಉಪಾಯ ಹಳೆಯದು. 1949ರಲ್ಲಿ ನಾರಿಷ್ ಮತ್ತು ಪೋರ್ಟರ್ ಒಂದು ಪ್ರಖರ ಮಿಂಚುದೀಪದಿಂದ ಅಣುಗಳನ್ನು ಕೆರಳಿಸಿ, ಸ್ವಲ್ಪ ತಡೆದು ಇನ್ನೊಂದು ಮಿಂಚಿನಿಂದ ಅವುಗಳ ಸ್ಥಿತಿಯನ್ನು ದಾಖಲಿಸಿದರು. ಅಂದಿನ ಮಿಂಚುಗಳು ಮಿಲಿಸೆಕೆಂಡ್, ಮೈಕ್ರೋಸೆಕೆಂಡುಗಳಷ್ಟು ಉದ್ದವಿದ್ದವು. ಲೇಸರ್ ಬಂದ ಮೇಲೆ ಮಿಡಿತಗಳು ಚಿಕ್ಕದಾಗುತ್ತ ಹೋದವು. ಫೆಮ್ಟೋಸೆಕೆಂಡ್ ಮಿಡಿತಗಳಿಂದ ರಾಸಾಯನಿಕ ಕ್ರಿಯೆಗಳನ್ನು ಹಿಂಬಾಲಿಸಿದ್ದಕ್ಕಾಗಿ ಅಹಮದ್ ಜವೈಲ್ ಅವರಿಗೆ 1999ರಲ್ಲಿ ನೊಬೆಲ್ ಬಂದಿತು. ಇಂಥ ಮಿಡಿತಗಳನ್ನು ಉಪಕರಣಕ್ಕೆ ಹಾನಿಯಾಗದಂತೆ ಪ್ರಬಲಗೊಳಿಸುವ ತಂತ್ರವನ್ನು 1985ರಲ್ಲಿ ರೂಪಿಸಿದ ಡೋನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮೂರು ಅವರು 2018ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ಇಂದು ಹೆಚ್ಚು ಬಳಕೆಯಲ್ಲಿರುವುದು ಪಂಪ್–ಪ್ರೋಬ್ ವಿಧಾನ. ಲೇಸರಿನ ಒಂದು ಮಿಡಿತವನ್ನು ಎರಡಾಗಿ ಸೀಳಲಾಗುತ್ತದೆ. ಪಂಪ್ ಎಂಬ ಮೊದಲ ಮಿಡಿತ ಪೊರೆಯಲ್ಲಿ ಎಕ್ಸಿಟಾನುಗಳನ್ನು ಹುಟ್ಟಿಸುತ್ತದೆ. ಪ್ರೋಬ್ ಎಂಬ ದುರ್ಬಲವಾದ ಎರಡನೆಯ ಮಿಡಿತ ಸ್ವಲ್ಪ ತಡವಾಗಿ ಬಂದು, ಪೊರೆ ಆ ಕ್ಷಣದಲ್ಲಿ ಯಾವ ಬಣ್ಣದ ಬೆಳಕನ್ನು ಎಷ್ಟು ಹೀರುತ್ತದೆ ಎಂದು ಪರೀಕ್ಷಿಸುತ್ತದೆ. ತಡಮಾಡುವ ಉಪಾಯ ಸರಳವಾಗಿದೆ: ಎರಡನೆಯ ಮಿಡಿತದ ದಾರಿಯಲ್ಲಿ ಕನ್ನಡಿಗಳನ್ನಿಟ್ಟು ಅವನ್ನು ಹಿಂದಕ್ಕೆ ಸರಿಸಿದರೆ ಬೆಳಕು ಹೆಚ್ಚು ದೂರ ಕ್ರಮಿಸಬೇಕಾಗುತ್ತದೆ. ಕನ್ನಡಿಗಳು ಒಂದು ಮೈಕ್ರೋಮೀಟರ್ ಸರಿದರೆ ಹೋಗಿ ಬರುವ ದಾರಿ ಎರಡು ಮೈಕ್ರೋಮೀಟರ್ ಹೆಚ್ಚಿ, ಮಿಡಿತ ಸುಮಾರು 6.7 ಫೆಮ್ಟೋಸೆಕೆಂಡ್ ತಡವಾಗುತ್ತದೆ. ಹೀಗೆ ಕಾಲವನ್ನು ಅಳೆಯುವ ಕೆಲಸ ದೂರವನ್ನು ಅಳೆಯುವ ಕೆಲಸವಾಗಿ ಮಾರ್ಪಡುತ್ತದೆ. ಕನ್ನಡಿಗಳನ್ನು ಹಂತಹಂತವಾಗಿ ಸರಿಸುತ್ತ ಸಾವಿರಾರು ಬಾರಿ ದಾಖಲಿಸಿದ ಚಿತ್ರಗಳನ್ನು ಜೋಡಿಸಿದರೆ ಎಕ್ಸಿಟಾನಿನ ಬಾಳು ಚಲನಚಿತ್ರದಂತೆ ತೆರೆದುಕೊಳ್ಳುತ್ತದೆ.

ಸಿಂಗ್ಲೆಟ್, ಟ್ರಿಪ್ಲೆಟ್ ಮತ್ತು ಬಿಡಿ ಆವೇಶಗಳು ಬೇರೆಬೇರೆ ಬಣ್ಣಗಳನ್ನು ಹೀರುವುದರಿಂದ ಯಾವ ಸ್ಥಿತಿ ಯಾವಾಗ ಹುಟ್ಟಿತು, ಯಾವಾಗ ಕರಗಿತು ಎಂದು ಓದಬಹುದು. ಆದರೆ ಈ ರೋಹಿತಗಳು ಒಂದರ ಮೇಲೊಂದು ಬೀಳುವುದುಂಟು. ಅಣುವಿನ ಆಕಾರವೇ ಬದಲಾಯಿತೇ ಎಂಬುದನ್ನು ಅವು ಸ್ಪಷ್ಟವಾಗಿ ಹೇಳುವುದಿಲ್ಲ. ಅಂಥಲ್ಲಿ ರಾಮನ್ ಪರಿಣಾಮ ನೆರವಿಗೆ ಬರುತ್ತದೆ. ಚದುರಿದ ಬೆಳಕಿನಲ್ಲಿ ಅಣುವಿನ ಕಂಪನಗಳ ಗುರುತು ಇರುತ್ತದೆ ಎಂಬುದನ್ನು 1928ರ ಫೆಬ್ರವರಿಯಲ್ಲಿ ಕಲ್ಕತ್ತೆಯಲ್ಲಿ ಕಂಡುಕೊಂಡ ಸಿ. ವಿ. ರಾಮನ್, ಅದನ್ನು ವಿವರಿಸುವ ಉಪನ್ಯಾಸವನ್ನು ಮಾರ್ಚ್ 16ರಂದು ನೀಡಿದ್ದು ಬೆಂಗಳೂರಿನಲ್ಲಿ. ಅದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ಉಮಾಪತಿ ಮತ್ತು ಸಹೋದ್ಯೋಗಿಗಳು ಅತಿವೇಗದ ರಾಮನ್ ನಷ್ಟ ರೋಹಿತದರ್ಶನ ಎಂಬ ವಿಧಾನವನ್ನು ರೂಪಿಸಿದರು. ಇದರಲ್ಲಿ ಒಂದೇ ಬಣ್ಣದ ಪಿಕೋಸೆಕೆಂಡ್ ಮಿಡಿತವೊಂದನ್ನು ಮತ್ತು ಬಿಳಿಯ ಫೆಮ್ಟೋಸೆಕೆಂಡ್ ಮಿಡಿತವೊಂದನ್ನು ಏಕಕಾಲಕ್ಕೆ ಹಾಯಿಸಿ, ಬಿಳಿಯ ಬೆಳಕಿನಲ್ಲಿ ಯಾವ ಯಾವ ಬಣ್ಣ ಕುಗ್ಗಿತು ಎಂಬುದನ್ನು ಗಮನಿಸುತ್ತಾರೆ. ಉದ್ರಿಕ್ತ ಅಣು ಹೇಗೆ ಬಾಗಿದೆ, ಯಾವ ಬಂಧ ಹಿಗ್ಗಿದೆ ಎಂಬುದನ್ನು ಇದರಿಂದ ತಿಳಿಯಬಹುದು.

ಪೊರೆಯೊಳಗಿನ ಸಂಚಾರ

ಎಕ್ಸಿಟಾನ್ ಹುಟ್ಟಿದ ಮೊದಲ 100 ಫೆಮ್ಟೋಸೆಕೆಂಡುಗಳಲ್ಲಿ ಅದು ಅನೇಕ ಅಣುಗಳಿಗೆ ಹರಡಿಕೊಂಡಿರಬಹುದು. ಅಣುಗಳ ಕಂಪನ ಮತ್ತು ಪೊರೆಯ ಅಸ್ತವ್ಯಸ್ತ ರಚನೆಯ ಕಾರಣ ಬೇಗನೆ ಒಂದೆರಡು ಅಣುಗಳಿಗೆ ಸೀಮಿತವಾಗುತ್ತದೆ. ಅನಂತರ ಅದು ಅಣುವಿನಿಂದ ಅಣುವಿಗೆ ಜಿಗಿಯತೊಡಗುತ್ತದೆ. ಇಲ್ಲಿ ಸಾಗುವುದು ಆವೇಶವಲ್ಲ, ಶಕ್ತಿ ಮಾತ್ರ. ಸಿಂಗ್ಲೆಟಿನ ಜಿಗಿತವನ್ನು 1940ರ ದಶಕದಲ್ಲಿ ಥಿಯೊಡೋರ್ ಫೋರ್ಸ್ಟರ್ ವಿವರಿಸಿದನು: ಅಣುಗಳ ನಡುವಿನ ದೂರ ಇಮ್ಮಡಿಯಾದರೆ ಜಿಗಿತದ ವೇಗ 64 ಪಟ್ಟು ಕುಗ್ಗುತ್ತದೆ.

ಈ ಸಂಚಾರಕ್ಕೆ ನಿಶ್ಚಿತ ದಿಕ್ಕಿಲ್ಲ. ಸಂತೆಯ ನೂಕುನುಗ್ಗಲಿನಲ್ಲಿ ಸಿಕ್ಕ ಮಗು ಅತ್ತಿತ್ತ ತಳ್ಳಿಸಿಕೊಂಡು ಹೋದಂತೆ ಎಕ್ಸಿಟಾನ್ ಸಾಗುತ್ತದೆ. ಶಕ್ತಿ ತುಸು ಕಡಿಮೆಯಿರುವ ಅಣುವೊಂದು ಎದುರಾದರೆ ತಗ್ಗಿಗೆ ಇಳಿದು ಅಲ್ಲೇ ಸಿಕ್ಕಿಬೀಳಬಹುದು. ಹೀಗಾಗಿ ಸಾಮಾನ್ಯ ಪಾಲಿಮರ್ ಪೊರೆಗಳಲ್ಲಿ ಒಂದು ಎಕ್ಸಿಟಾನ್ ತನ್ನ ಬಾಳಿನಲ್ಲಿ ದಾಟುವ ದೂರ ಸುಮಾರು 5ರಿಂದ 10 ನ್ಯಾನೋಮೀಟರ್ ಮಾತ್ರ. ಬಿದ್ದ ಬೆಳಕನ್ನು ಚೆನ್ನಾಗಿ ಹೀರಲು ಪೊರೆ 100 ನ್ಯಾನೋಮೀಟರ್ ದಪ್ಪವಿರಬೇಕು. ಸಾವಯವ ಸೌರಕೋಶದ ಬಹುತೇಕ ತೊಡಕುಗಳು ಈ ಎರಡು ಸಂಖ್ಯೆಗಳ ಅಂತರದಿಂದ ಹುಟ್ಟುತ್ತವೆ.

ಆವೇಶಗಳ ಬೇರ್ಪಡೆ

ಎಲೆಕ್ಟ್ರಾನನ್ನು ಹೆಚ್ಚು ಬಲವಾಗಿ ಸೆಳೆಯುವ ಇನ್ನೊಂದು ವಸ್ತುವನ್ನು ಪಕ್ಕದಲ್ಲಿರಿಸಿದರೆ ಎಕ್ಸಿಟಾನ್ ಆ ಗಡಿಯಲ್ಲಿ ಒಡೆಯುತ್ತದೆ. 1986ರಲ್ಲಿ ಚಿಂಗ್ ಟಾಂಗ್ ತಾಮ್ರದ ಥ್ಯಾಲೋಸಯನಿನ್ ಮತ್ತು ಪೆರಿಲೀನಿನಿಂದ ಪಡೆದ ಸಂಯುಕ್ತವೊಂದರ ಪದರಗಳನ್ನು ಕೂಡಿಸಿ ಸುಮಾರು ಪ್ರತಿಶತ 1ರಷ್ಟು ದಕ್ಷತೆಯ ಕೋಶವನ್ನು ಪ್ರಕಟಿಸಿದರು. ಆದರೆ ಗಡಿಯಿಂದ 10 ನ್ಯಾನೋಮೀಟರಿಗಿಂತ ದೂರದಲ್ಲಿ ಹುಟ್ಟಿದ ಎಕ್ಸಿಟಾನುಗಳಿಗೆ ಗಡಿಯನ್ನು ಮುಟ್ಟುವ ಅವಕಾಶವೇ ಕಡಿಮೆ. 1992ರಲ್ಲಿ ಸರಿಚಿಫ್ಚಿ, ಹೀಗರ್ ಮತ್ತು ಸಂಗಡಿಗರು ಪಾಲಿಮರಿನಿಂದ ಫುಲ್ಲರೀನಿಗೆ ಎಲೆಕ್ಟ್ರಾನು ಅತಿವೇಗವಾಗಿ ದಾಟುವುದನ್ನು ತೋರಿಸಿದರು. 1995ರ ಹೊತ್ತಿಗೆ ಎರಡನ್ನೂ ದ್ರಾವಣದಲ್ಲಿ ಬೆರೆಸಿ ಬಳಿಯುವ ಮಿಶ್ರಪೊರೆಯ ವಿಧಾನ ಸಿದ್ಧವಾಯಿತು. ಅವಲಕ್ಕಿಯಲ್ಲಿ ಒಗ್ಗರಣೆ ಬೆರೆತಂತೆ ಎರಡು ವಸ್ತುಗಳು ಹೆಣೆದುಕೊಂಡಿರುವುದರಿಂದ ಎಲ್ಲಿ ಹುಟ್ಟಿದರೂ ಗಡಿ ಹತ್ತಿರವೇ ಇರುತ್ತದೆ. ಇಂಥ ಪೊರೆಯೊಂದರಲ್ಲಿ ಎಲೆಕ್ಟ್ರಾನು ದಾಟಲು ಹಿಡಿದ ಅವಧಿ ಸುಮಾರು 45 ಫೆಮ್ಟೋಸೆಕೆಂಡ್ ಎಂದು 2001ರಲ್ಲಿ ಅಳೆಯಲಾಯಿತು. ನ್ಯಾನೋಸೆಕೆಂಡಿನ ಬಾಳಿನ ಮುಂದೆ ಇದು ತೀರ ಚಿಕ್ಕದು. ಗಡಿ ಮುಟ್ಟಿದ ಎಕ್ಸಿಟಾನ್ ಬಹುಮಟ್ಟಿಗೆ ಒಡೆದೇ ತೀರುತ್ತದೆ.

ಒಡೆದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಗಡಿಯ ಆಚೀಚೆ ನಿಂತ ಎಲೆಕ್ಟ್ರಾನು ಮತ್ತು ರಂಧ್ರಗಳ ನಡುವೆ ಸೆಳೆತ ಇನ್ನೂ ಇರುತ್ತದೆ. ಇದನ್ನು ಆವೇಶ ವರ್ಗಾವಣೆಯ ಸ್ಥಿತಿ ಎನ್ನುತ್ತಾರೆ. ಅಲ್ಲಿಂದ ಅವು ಹೇಗೆ ಪಾರಾಗುತ್ತವೆ ಎಂಬ ಬಗ್ಗೆ ದೀರ್ಘಕಾಲ ವಾದ ನಡೆದಿದೆ. ಬೆಳಕಿನಿಂದ ಬಂದ ಹೆಚ್ಚುವರಿ ಶಕ್ತಿ ಆರುವ ಮೊದಲೇ ಅವು ದೂರ ಸರಿಯುತ್ತವೆ ಎಂದು ಒಂದು ಪಕ್ಷ. ತಣಿದ ಮೇಲೂ ನಿಧಾನವಾಗಿ ಬೇರ್ಪಡಬಲ್ಲವು ಎಂದು ಇನ್ನೊಂದು. ಎಲ್ಲ ವಸ್ತುಗಳಿಗೂ ಒಂದೇ ಉತ್ತರವಿರಬೇಕೆಂಬ ನಿರೀಕ್ಷೆಯೇ ಈ ವಾದವನ್ನು ಅನಗತ್ಯವಾಗಿ ಬೆಳೆಸಿತೆನ್ನಬಹುದು. 2019ರಲ್ಲಿ ಚೀನದಲ್ಲಿ ರೂಪುಗೊಂಡ ವೈ6 ಎಂಬ ಫುಲ್ಲರೀನ್‌ರಹಿತ ಅಣುವಿನಲ್ಲಿ ಎಕ್ಸಿಟಾನುಗಳು ಹತ್ತಾರು ನ್ಯಾನೋಮೀಟರ್ ಸಂಚರಿಸುತ್ತವೆ. ಈ ಬಗೆಯ ಅಣುಗಳಿಂದ ಪ್ರಯೋಗಾಲಯದ ಕೋಶಗಳ ದಕ್ಷತೆ ಪ್ರತಿಶತ 19ನ್ನು ದಾಟಿದೆ.

ಸಿಂಗ್ಲೆಟ್ ವಿದಳನ ಮತ್ತು ಬೆಂಗಳೂರಿನ ಒಂದು ಪ್ರಯೋಗ

ಕೆಲವು ಪೊರೆಗಳಲ್ಲಿ ಒಂದು ಸಿಂಗ್ಲೆಟ್ ಒಡೆದು ಎರಡು ಟ್ರಿಪ್ಲೆಟ್‌ಗಳಾಗುತ್ತದೆ. ಹತ್ತು ರೂಪಾಯಿಯ ನೋಟಿಗೆ ಐದರ ಎರಡು ನಾಣ್ಯ ಪಡೆದಂತೆ ಇಲ್ಲಿ ಲೆಕ್ಕ ಸರಿಹೊಂದಬೇಕು: ಸಿಂಗ್ಲೆಟಿನ ಶಕ್ತಿ ಎರಡು ಟ್ರಿಪ್ಲೆಟ್‌ಗಳ ಒಟ್ಟು ಶಕ್ತಿಗೆ ಸಮವಾಗಿ ಅಥವಾ ಹೆಚ್ಚಾಗಿ ಇದ್ದರೆ ಕ್ರಿಯೆ ಸುಲಭ. ಪೆಂಟಸೀನಿನಲ್ಲಿ ಸಿಂಗ್ಲೆಟಿನ ಶಕ್ತಿ 1.83, ಟ್ರಿಪ್ಲೆಟಿನದು 0.86 ಎಲೆಕ್ಟ್ರಾನ್ ವೋಲ್ಟ್. ಅಲ್ಲಿ ಈ ಒಡೆತ ಸುಮಾರು 80 ಫೆಮ್ಟೋಸೆಕೆಂಡಿನಲ್ಲಿ ನಡೆದುಹೋಗುತ್ತದೆ. ಲೆಕ್ಕ ತುಸು ಕೊರೆಯಾಗುವ ಟೆಟ್ರಸೀನಿನಲ್ಲಿ ಹತ್ತಾರು ಪಿಕೋಸೆಕೆಂಡುಗಳು ಬೇಕು. ಒಂದು ಸಂಧಿಯ ಸೌರಕೋಶದ ದಕ್ಷತೆ ಪ್ರತಿಶತ 30ರ ಆಸುಪಾಸನ್ನು ಮೀರಲಾರದೆಂದು 1961ರಲ್ಲಿ ಶಾಕ್ಲಿ ಮತ್ತು ಕ್ವೈಸರ್ ಲೆಕ್ಕಹಾಕಿದ್ದರು. ಒಂದು ಬೆಳಕಿನ ಕಣದಿಂದ ಎರಡು ಎಲೆಕ್ಟ್ರಾನುಗಳನ್ನು ಪಡೆಯುವಂತಾದರೆ ಈ ಮಿತಿ ಸಡಿಲವಾಗುತ್ತದೆ. 2013ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯವರು ಪೆಂಟಸೀನ್ ಕೋಶವೊಂದರಲ್ಲಿ, ನಿರ್ದಿಷ್ಟ ಬಣ್ಣದ ನೂರು ಬೆಳಕಿನ ಕಣಗಳಿಗೆ 109 ಎಲೆಕ್ಟ್ರಾನುಗಳನ್ನು ಪಡೆದು ಇದು ಸಾಧ್ಯವೆಂದು ತೋರಿಸಿದರು.

ಪೆಂಟಸೀನ್ ಗಾಳಿ–ಬೆಳಕಿಗೆ ಬೇಗ ಕೆಡುವ ವಸ್ತು. ಆದ್ದರಿಂದ ಬಾಳಿಕೆ ಬರುವ ಬೇರೆ ಅಣುಗಳ ಹುಡುಕಾಟ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸತೀಶ್ ಪಾಟೀಲ್ ಅವರ ತಂಡ ಇದಕ್ಕಾಗಿ ಡೈಕಿಟೋಪಿರೋಲೋಪಿರೋಲ್ ಎಂಬ ಕೆಂಪು ವರ್ಣದ್ರವ್ಯದ ಕಡೆ ತಿರುಗಿತು. ಕಾರುಗಳ ಕೆಂಪು ಬಣ್ಣದಲ್ಲಿ ಬಳಕೆಯಾಗುವ ಈ ವರ್ಗದ ದ್ರವ್ಯಗಳು ಬಿಸಿಲನ್ನು ಚೆನ್ನಾಗಿ ತಾಳಿಕೊಳ್ಳುತ್ತವೆ. ಅಂಥ ಎರಡು ಘಟಕಗಳನ್ನು ವಿನೈಲ್ ಸೇತುವೆಯೊಂದರಿಂದ ಜೋಡಿಸಿದರೆ ಅಣುವಿಗೆ ಪಾಲಿಯೀನುಗಳ ಗುಣ ಬಂದು ವಿದಳನ ನಡೆಯಬಹುದೆಂಬುದು ಆಲೋಚನೆ. ಒಂಟಿ–ಜೋಡಿ ಬಂಧಗಳ ಉದ್ದನೆಯ ಸರಪಳಿಗಳೇ ಪಾಲಿಯೀನುಗಳು. ಅವುಗಳಲ್ಲಿ ಅತಿ ಕೆಳಗಿನ ಉದ್ರಿಕ್ತ ಸಿಂಗ್ಲೆಟ್ ಸ್ಥಿತಿ ಬೆಳಕನ್ನು ನೇರವಾಗಿ ಹೀರದ, ಸೂಸದ ಕತ್ತಲ ಸ್ಥಿತಿ ಎಂಬುದು 1972ರಿಂದ ತಿಳಿದಿತ್ತು. ಎಲೆಕ್ಟ್ರಾನುಗಳು ಒಂದನ್ನೊಂದು ದೂಡುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಈ ಸ್ಥಿತಿಯನ್ನು ವಿವರಿಸಲಾಗದು. ಅದೇ ಸಂಸ್ಥೆಯ ಎಸ್. ರಾಮಶೇಷ ಅವರು 1980ರ ದಶಕದಿಂದ ಇಂಥ ಸರಪಳಿಗಳ ಉದ್ರಿಕ್ತ ಸ್ಥಿತಿಗಳ ಬಗ್ಗೆ ನಿಖರ ಗಣನೆಗಳನ್ನು ನಡೆಸಿದವರಲ್ಲಿ ಪ್ರಮುಖರು. ಪಾಲಿಯೀನುಗಳಲ್ಲಿ ಸಿಂಗ್ಲೆಟ್ ವಿದಳನದ ಗಣನೆಗಳನ್ನೂ ಅವರು ಮಾಡಿದ್ದಾರೆ.

ಕೇಂಬ್ರಿಜ್‌ನ ರಿಚರ್ಡ್ ಫ್ರೆಂಡ್ ಅವರ ತಂಡದ ಸಹಯೋಗದಲ್ಲಿ ಹೊಸ ಅಣುವನ್ನು ಪಂಪ್–ಪ್ರೋಬ್ ವಿಧಾನದಿಂದ ಪರೀಕ್ಷಿಸಿ 2017ರಲ್ಲಿ ಫಲಿತಾಂಶವನ್ನು ಪ್ರಕಟಿಸಲಾಯಿತು. ನಿರೀಕ್ಷೆ ಅರ್ಧ ಮಾತ್ರ ನಿಜವಾಗಿತ್ತು. ಪಾಲಿಯೀನಿನಂಥ ಕತ್ತಲ ಸ್ಥಿತಿ ಬಂದಂತೆ ತೋರಿತು; ಆದರೆ ಉದ್ರೇಕವು 50 ಪಿಕೋಸೆಕೆಂಡಿನೊಳಗೆ ಆರಿಹೋಯಿತು. ನೇರವಾಗಿ ಬೆಳಕು ಹಾಯಿಸಿದಾಗ ಟ್ರಿಪ್ಲೆಟ್‌ಗಳು ಹುಟ್ಟಿದ ಸುಳಿವೇ ಇರಲಿಲ್ಲ. ಸೇತುವೆ ಎರಡು ಘಟಕಗಳನ್ನು ಎಷ್ಟು ಚೆನ್ನಾಗಿ ಬೆಸೆದಿತ್ತೆಂದರೆ ಸಿಂಗ್ಲೆಟಿನ ಶಕ್ತಿ ಎರಡು ಟ್ರಿಪ್ಲೆಟ್‌ಗಳಿಗೆ ಬೇಕಾದುದಕ್ಕಿಂತ ಕೆಳಗೆ ಇಳಿದಿರಬಹುದೆಂದು ಲೇಖಕರು ವಿವರಿಸಿದರು. ನಾಣ್ಯದ ಹೋಲಿಕೆಯಲ್ಲಿ ಹೇಳುವುದಾದರೆ, ಹತ್ತರ ನೋಟು ಒಂಬತ್ತಕ್ಕೆ ಇಳಿದಿತ್ತು. ಯಶಸ್ವಿ ಪ್ರಯೋಗಗಳಿಗೆ ಸಿಗುವ ಪ್ರಚಾರ ಇಂಥ ಬರಹಗಳಿಗೆ ಸಿಗುವುದಿಲ್ಲ. ಆದರೆ ಕಾಗದದ ಮೇಲೆ ಸರಿಯೆನಿಸಿದ ವಿನ್ಯಾಸಸೂತ್ರವೊಂದು ಎಲ್ಲಿ ಸಾಲದಾಗುತ್ತದೆ ಎಂಬುದನ್ನು ತೋರಿಸುವ ಕಾರಣ ವಿದ್ಯಾರ್ಥಿಗಳಿಗೆ ಇದು ಹೆಚ್ಚು ಉಪಯುಕ್ತ.

ಅಳತೆಯಲ್ಲಿ ಎಚ್ಚರ ವಹಿಸಬೇಕಾದ ಅಂಶಗಳು

ಪಂಪ್ ಮಿಡಿತ ತೀರ ಪ್ರಬಲವಾಗಿದ್ದರೆ ಅಳತೆಯೇ ಹಾದಿ ತಪ್ಪುತ್ತದೆ. ಒಂದು ಘನ ಸೆಂಟಿಮೀಟರಿನಲ್ಲಿ ಹತ್ತರ 18ನೆಯ ಘಾತದಷ್ಟು ಎಕ್ಸಿಟಾನುಗಳಿದ್ದರೆ ಅವುಗಳ ನಡುವಿನ ಸರಾಸರಿ ದೂರ 10 ನ್ಯಾನೋಮೀಟರ್. ಅದು ಎಕ್ಸಿಟಾನ್ ಸಂಚರಿಸಬಲ್ಲ ದೂರದಷ್ಟೇ ಇರುವುದರಿಂದ ಅವು ಪರಸ್ಪರ ಸಂಧಿಸಿ ಒಂದನ್ನೊಂದು ಅಳಿಸಿಹಾಕುತ್ತವೆ. ಆಗ ಕಾಣುವ ವೇಗದ ಇಳಿತವನ್ನು ಆವೇಶಗಳ ಬೇರ್ಪಡೆಯೆಂದೋ ವಿದಳನವೆಂದೋ ತಪ್ಪಾಗಿ ಓದುವ ಸಂಭವವಿದೆ. ಬಿಸಿಲಿನಲ್ಲಿ ಕೆಲಸ ಮಾಡುವ ಕೋಶದಲ್ಲಿ ಇಷ್ಟು ದಟ್ಟಣೆ ಎಂದೂ ಇರುವುದಿಲ್ಲ. ಆದ್ದರಿಂದ ಪಂಪಿನ ಪ್ರಾಬಲ್ಯವನ್ನು ಹಂತಹಂತವಾಗಿ ತಗ್ಗಿಸಿ, ಇಳಿತದ ವೇಗ ಬದಲಾಗದಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಈ ಪರಿಶೀಲನೆಯಿಲ್ಲದ ಅಂಕಿಗಳನ್ನು ಸಂದೇಹದಿಂದಲೇ ನೋಡುವುದು ಒಳ್ಳೆಯದು. ಲೇಸರಿನಿಂದ ಪೊರೆ ಬಿಸಿಯಾದರೂ ಅದರ ಬಣ್ಣ ಕೊಂಚ ಬದಲಾಗುತ್ತದೆ. ಆ ಬದಲಾವಣೆ ದೀರ್ಘಕಾಲ ಉಳಿಯುವುದರಿಂದ ಟ್ರಿಪ್ಲೆಟ್‌ಗಳೇ ಹುಟ್ಟಿವೆಯೆಂಬ ಭ್ರಮೆ ಉಂಟಾಗಬಹುದು.

ಹಸಿರು ಎಲೆಯಲ್ಲಿ

ಎಕ್ಸಿಟಾನ್ ಪ್ರಯೋಗಾಲಯದಲ್ಲಿ ಮಾತ್ರ ಇರುವ ವಸ್ತುವಲ್ಲ. ಕೊಪ್ಪಳ ಜಿಲ್ಲೆಯ ಗಂಗಾವತಿ, ಮರಳಿ ಕಡೆಯ ಗದ್ದೆಗಳಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಬೆಳೆಯುವ ಭತ್ತದ ಎಲೆಯಲ್ಲೂ ಇದೇ ನಡೆಯುತ್ತದೆ. ಬೆಳಕು ಹೀರಿದ ಪತ್ರಹರಿತ್ತಿನ ಅಣುವಿನಲ್ಲಿ ಹುಟ್ಟಿದ ಎಕ್ಸಿಟಾನ್ ನೆರೆಯ ಅಣುಗಳ ಮೂಲಕ ಜಿಗಿಯುತ್ತ ಪ್ರತಿಕ್ರಿಯಾಕೇಂದ್ರವನ್ನು ಸೇರುತ್ತದೆ. ಅಲ್ಲಿ ಕೆಲವೇ ಪಿಕೋಸೆಕೆಂಡುಗಳಲ್ಲಿ ಆವೇಶಗಳು ಬೇರೆಯಾಗುತ್ತವೆ. ಮಂದ ಬೆಳಕಿನಲ್ಲಿ ಈ ಮೊದಲ ಹಂತದ ನಷ್ಟ ಅತ್ಯಲ್ಪ. ವ್ಯತ್ಯಾಸವಿರುವುದು ಜೋಡಣೆಯಲ್ಲಿ: ಎಲೆಯಲ್ಲಿ ಪ್ರೋಟೀನುಗಳು ಪ್ರತಿ ಅಣುವನ್ನೂ ತಕ್ಕ ದೂರದಲ್ಲಿ, ತಕ್ಕ ಓರೆಯಲ್ಲಿ ಹಿಡಿದಿಟ್ಟಿರುತ್ತವೆ. ಬಳಿದ ಪೊರೆಯಲ್ಲಿ ಅಣುಗಳು ಒಣಗುವಾಗ ಹೇಗೆ ಬಿದ್ದವೋ ಹಾಗೆಯೇ ಉಳಿಯುತ್ತವೆ.

ಬಳಕೆ

ಮೊಬೈಲ್ ಮತ್ತು ಟಿ.ವಿ.ಗಳ ಓಎಲ್‌ಇಡಿ ಪರದೆಗಳಲ್ಲಿ ಕ್ರಿಯೆ ತಿರುಗುಮುರುಗಾಗಿದೆ. ವಿದ್ಯುತ್ತಿನಿಂದ ಬಂದ ಆವೇಶಗಳು ಕೂಡಿ ಎಕ್ಸಿಟಾನ್ ಆಗುತ್ತವೆ, ಎಕ್ಸಿಟಾನ್ ಬೆಳಕಾಗುತ್ತದೆ. ಇಲ್ಲಿ ಸ್ಪಿನ್‌ನ ನಿಯಮದಂತೆ ನೂರರಲ್ಲಿ 25 ಮಾತ್ರ ಸಿಂಗ್ಲೆಟ್, ಉಳಿದ 75 ಬೆಳಕು ಸೂಸದ ಟ್ರಿಪ್ಲೆಟ್. ಇರಿಡಿಯಂ, ಪ್ಲಾಟಿನಂನಂಥ ಭಾರಲೋಹಗಳನ್ನು ಸೇರಿಸಿ ಟ್ರಿಪ್ಲೆಟ್‌ಗಳಿಂದಲೂ ಬೆಳಕು ಪಡೆಯುವ ಮಾರ್ಗ 1990ರ ದಶಕದ ಕೊನೆಯಲ್ಲಿ ಸಿದ್ಧವಾಯಿತು. 2012ರಲ್ಲಿ ಜಪಾನಿನ ಚಿಹಯಾ ಅಡಾಚಿ ಮತ್ತು ಸಂಗಡಿಗರು ಲೋಹವಿಲ್ಲದೆಯೇ, ಕೋಣೆಯ ಉಷ್ಣದಿಂದ ಟ್ರಿಪ್ಲೆಟನ್ನು ಸಿಂಗ್ಲೆಟಿಗೆ ಏರಿಸುವ ಅಣುಗಳನ್ನು ತೋರಿಸಿದರು. ನೀಲಿ ಬಣ್ಣದ ಓಎಲ್‌ಇಡಿಗಳು ಕೆಂಪು, ಹಸಿರುಗಳಿಗಿಂತ ಬೇಗ ಮಂಕಾಗುತ್ತವೆ. ದೀರ್ಘಾಯುವಾದ ಟ್ರಿಪ್ಲೆಟ್‌ಗಳು ಪರಸ್ಪರ ಅಥವಾ ಆವೇಶಗಳೊಂದಿಗೆ ಸಂಧಿಸಿದಾಗ ಒಂದೇ ಕಡೆ ಕೂಡುವ ಶಕ್ತಿ ಅಣುವಿನ ಬಂಧವನ್ನೇ ಮುರಿಯುವಷ್ಟಾಗುವುದು ಇದಕ್ಕೆ ಮುಖ್ಯ ಕಾರಣಗಳಲ್ಲೊಂದು.

ಜವಾಹರಲಾಲ್ ನೆಹರು ಕೇಂದ್ರದಲ್ಲಿ ಕೆ. ಎಸ್. ನಾರಾಯಣ್ ಅವರ ತಂಡ ಪಾಲಿಮರ್ ಟ್ರಾನ್ಸಿಸ್ಟರು ಮತ್ತು ಸೌರಕೋಶಗಳ ಜೊತೆಗೆ ಇನ್ನೊಂದು ದಿಕ್ಕಿನಲ್ಲೂ ಕೆಲಸ ಮಾಡಿದೆ. ಬೆಳಕನ್ನು ಗ್ರಹಿಸುವ ಕೋಶಗಳು ಇನ್ನೂ ಮೂಡಿರದ ಕೋಳಿಭ್ರೂಣದ ಅಕ್ಷಿಪಟಲವನ್ನು ಅವರು ಅರೆವಾಹಕ ಪಾಲಿಮರಿನ ಪೊರೆಯ ಮೇಲಿರಿಸಿದರು. ಪೊರೆಯ ಮೇಲೆ ಬೆಳಕು ಬಿದ್ದಾಗ ಉಂಟಾದ ಆವೇಶಗಳು ಅಕ್ಷಿಪಟಲದ ನರಕೋಶಗಳನ್ನು ಪ್ರಚೋದಿಸಿದವು. 2014ರಲ್ಲಿ ಪ್ರಕಟವಾದ ಈ ಪ್ರಯೋಗ ಕೃತಕ ಅಕ್ಷಿಪಟಲದ ದಿಸೆಯಲ್ಲಿ ಆರಂಭದ ಹೆಜ್ಜೆಯಾಗಿದೆ. ಅಲ್ಲಿಯೂ ಮೊದಲು ಹುಟ್ಟುವುದು ಎಕ್ಸಿಟಾನೇ.